ಚಳಿಗೆ ಮುದುಡಿದ ಹರಳು

ನಮ್ಮ ಉಡಿಗಾಲದ ಕಡೆ ಕಡಲೆಕಾಯಿ ಕಿತ್ತವರು ಅದನ್ನು ಬಿಸಿಲಿಗೆ ಹರವುತ್ತಾರೆ. ಹಸಿಕಾಯಿಯ ರುಚಿ ಒಂದು, ಒಣಗಿದ್ದರದು ಇನ್ನೊಂದು. ನೀರು ಹೋದರೆ ಕಾಳಿನ ಗುಣವೇ ಬೇರೆ. ಆ ಕಾಳಿನಲ್ಲಿ ಲೆಕ್ಟಿನ್ ಎಂಬ ಪ್ರೋಟೀನ್ ಇದೆ. ಕೆಲವು ಕ್ಯಾನ್ಸರ್ ಕೋಶಗಳ ಮೈಮೇಲಿನ ಸಕ್ಕರೆಯನ್ನು ಅದು ಗುರುತು ಹಿಡಿಯುತ್ತದೆ. 1994ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ವಿಜಯನ್ ಅವರ ತಂಡ ಅದರ ರಚನೆಯನ್ನು ಬಿಡಿಸಿ ತೋರಿಸಿತು. ನಾಲ್ಕು ಘಟಕಗಳು ಕೂಡಿಕೊಂಡಿದ್ದ ಬಗೆ ಯಾರೂ ಎಣಿಸದಂಥದ್ದು.

ಇಂಥ ರಚನೆಯನ್ನು ಕಾಣಲು ಪ್ರೋಟೀನನ್ನು ಹರಳಾಗಿಸಿ ಅದರ ಮೇಲೆ ಎಕ್ಸ್-ಕಿರಣ ಹಾಯಿಸುತ್ತಾರೆ. ಆದರೆ ಪ್ರೋಟೀನಿನ ಹರಳು ಉಪ್ಪಿನ ಹರಳಿನಂತಲ್ಲ. ಅದರಲ್ಲಿ ಸುಮಾರು ಅರ್ಧಪಾಲು ನೀರೇ. ಎಕ್ಸ್-ಕಿರಣ ಬಿದ್ದಂತೆಲ್ಲ ಅದು ಕೆಡುತ್ತ ಹೋಗುತ್ತದೆ. ಅದಕ್ಕೆಂದೇ ಹರಳನ್ನು ನೈಲಾನ್ ಎಳೆಯ ಪುಟ್ಟ ಕುಣಿಕೆಯಲ್ಲಿ ಎತ್ತಿ, ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಅದ್ದುತ್ತಾರೆ. ನಿಧಾನವಾಗಿ ತಣಿದರೆ ನೀರು ಮಂಜುಗಡ್ಡೆಯಾಗಿ ಉಬ್ಬಿ ಹರಳನ್ನು ಹಾಳುಮಾಡುತ್ತದೆ. ಗ್ಲಿಸರಾಲ್ ಬೆರೆಸಿ ಥಟ್ಟನೆ ತಣಿಸಿದರೆ ಗಾಜಿನ ಹಾಗೆ ಗಟ್ಟಿಯಾಗುತ್ತದೆ. ಹರಳಿನ ಆಯುಸ್ಸು ಹತ್ತಾರು ಪಟ್ಟು ಹೆಚ್ಚುತ್ತದೆ. 1980ರ ದಶಕದ ಕೊನೆಗೆ ವಿಜ್ಞಾನಿ ಹಾಕೊನ್ ಹೋಪ್ ಬಳಕೆಗೆ ತಂದ ಈ ವಿಧಾನ, ಜೀವಕೋಶದಲ್ಲಿ ಪ್ರೋಟೀನ್ ಕಟ್ಟುವ ರೈಬೋಸೋಮ್‌ನ ರಚನೆ ಹುಡುಕುತ್ತಿದ್ದ ವಿಜ್ಞಾನಿ ಅಡಾ ಯೋನತ್ ಅವರ ಹರಳುಗಳನ್ನು ಉಳಿಸಿತು. ಯೋನತ್‌ಗೆ 2009ರಲ್ಲಿ ನೊಬೆಲ್ ಬಂತು. ಈ ಉಪಕಾರ ದೊಡ್ಡದು.

ನನ್ನ ತಕರಾರು, ಹೀಗೆ ತಣಿಸುವುದು ಪ್ರಶ್ನೆಯೇ ಇಲ್ಲದ ರೂಢಿಯಾಗಿಬಿಟ್ಟಿದೆ ಎಂಬುದು. 2011ರಲ್ಲಿ ವಿಜ್ಞಾನಿ ಜೇಮ್ಸ್ ಫ್ರೇಸರ್ ಮತ್ತು ಸಂಗಡಿಗರು 30 ಪ್ರೋಟೀನುಗಳ ತಣಿಸಿದ ಚಿತ್ರವನ್ನು ಕೋಣೆಯ ಬಿಸುಪಿನ ಚಿತ್ರದೊಂದಿಗೆ ಹೋಲಿಸಿ ನೋಡಿದಾಗ, ಪ್ರೋಟೀನಿನ ಮುಖ್ಯ ಸರಪಳಿಯಿಂದ ಚಾಚಿಕೊಂಡ ಪಕ್ಕಕೊಂಡಿಗಳಲ್ಲಿ ಮೂರರಲ್ಲಿ ಒಂದಕ್ಕಿಂತ ಹೆಚ್ಚಿನವುಗಳ ಭಂಗಿ ಚಳಿಯಲ್ಲಿ ಬದಲಾಗಿತ್ತು. ಇದರ ಸುಳಿವು ನಮ್ಮ ಬೆಂಗಳೂರಿನಲ್ಲೇ ಇತ್ತು. ಹರಳಿನ ಸುತ್ತಲ ತೇವವನ್ನು ತುಸು ಇಳಿಸಿದರೂ ಒಳಗಿನ ಅಣುಗಳು ಸರಿದು ಕೂರುತ್ತವೆ ಎಂದು ವಿಜಯನ್ ತಂಡ 1980ರ ದಶಕದಲ್ಲೇ ತೋರಿಸಿತ್ತು. ಹಾಗಿರುವಾಗ ನೀರನ್ನೇ ಗಾಜಾಗಿಸಿದ ಮೇಲೆ ಸಿಗುವ ಚಿತ್ರವನ್ನು ಜೀವಂತ ಪ್ರೋಟೀನಿನದೆಂದು ಹೇಗೆ ನಂಬುವುದು? ಲೆಕ್ಟಿನ್‌ನಂಥವಕ್ಕೆ ಇನ್ನೊಂದು ತೊಡಕೂ ಉಂಟು. ಕಾಪಾಡಲೆಂದು ಹಾಕಿದ ಗ್ಲಿಸರಾಲ್, ಸಕ್ಕರೆ ಕೂರಬೇಕಾದ ಜಾಗದಲ್ಲಿ ತಾನೇ ಹೋಗಿ ಕೂತುಬಿಡಬಹುದು. ಆ ಜಾಗವನ್ನು ನೋಡಲೆಂದೇ ಅಲ್ಲವೇ ಇಷ್ಟೆಲ್ಲ ಪಾಡು?

ಬೆಳೆಸಿದ ಹರಳುಗಳಲ್ಲಿ ಒಂದೆರಡನ್ನಾದರೂ ಹಳೆಯ ಪದ್ಧತಿಯಂತೆ ಗಾಜಿನ ಸಣ್ಣ ನಳಿಕೆಯಲ್ಲಿ, ಅವು ಬೆಳೆದ ದ್ರವದ ಒಂದು ಹನಿಯೊಂದಿಗೆ ಮುಚ್ಚಿ, ಕೋಣೆಯ ಬಿಸುಪಿನಲ್ಲೇ ನೋಡಬೇಕು. ಚಿತ್ರ ತುಸು ಮಸುಕಾದೀತು. ಆದರೆ ಅದನ್ನೂ ತಣಿಸಿ ತೆಗೆದ ಚಿತ್ರವನ್ನೂ ಪಕ್ಕಪಕ್ಕ ಇಟ್ಟರೆ ಯಾವ ಕೊಂಡಿ ಚಳಿಗೆ ಮುದುಡಿದ್ದು, ಯಾವುದು ತಾನಾಗಿಯೇ ಹಾಗಿದ್ದದ್ದು ಎಂಬುದು ಕಣ್ಣಿಗೆ ಬೀಳುತ್ತದೆ.