ದರಗಿಗೆ ಹೋಗುವವರ ಕೈಗೊಂದು ಕರಪತ್ರ

ಮಲೆನಾಡಿನಲ್ಲಿ ಮಂಗನ ಕಾಯಿಲೆಯ ಕರಪತ್ರಕ್ಕೂ ಒಂದು ಕಾಲವಿದೆ. ಮಳೆ ಪೂರ್ತಿ ಬಿಟ್ಟು ಅಡಿಕೆ ಕೊಯ್ಲು ಬಿರುಸಾದ ಹೊತ್ತಿಗೆ ಅದು ಆಶಾ ಕಾರ್ಯಕರ್ತೆಯ ಚೀಲದಲ್ಲಿ, ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ, ಹಾಲಿನ ಡೇರಿಯ ಬಾಗಿಲಲ್ಲಿ ಕಾಣಿಸಿಕೊಳ್ಳುತ್ತದೆ. ಮುಂಗಾರು ಬಿದ್ದಮೇಲೆ ಯಾರೂ ಅದನ್ನು ನೆನೆಯುವುದಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ, ಸಿದ್ದಾಪುರದ ಕಡೆಯ ಮನೆಗಳಿಗೆ ಇಷ್ಟು ಒಳಗೆ ತಲುಪುವ ಗದ್ಯ ಬೇರೆ ಹೆಚ್ಚಿಲ್ಲ. ಆದರೂ ಅದನ್ನು ಬರವಣಿಗೆಯೆಂದು ಓದಿ, ಚೆನ್ನಾಗಿದೆಯೋ ಇಲ್ಲವೋ ಎಂದು ಕೇಳಿದವರು ಕಡಿಮೆ. ಜೀವ ಉಳಿಸುತ್ತೇನೆಂದು ಹೊರಟ ಬರಹವನ್ನು ಕಾದಂಬರಿಗಿಂತ ಬಿಗಿಯಾಗಿ ಓದಬೇಕು ಎಂಬುದು ನನ್ನ ನಂಬಿಕೆ.

ವರ್ಷ ಬದಲಾದರೂ ಸಾಲುಗಳು ಹೆಚ್ಚು ಬದಲಾಗುವುದಿಲ್ಲ. ಕಾಡಿಗೆ ಹೋಗಬೇಡಿ. ಹೋಗಲೇಬೇಕಾದರೆ ಮೈತುಂಬ ಬಟ್ಟೆ ಹಾಕಿ, ಕೈಕಾಲಿಗೆ ಎಣ್ಣೆ ಹಚ್ಚಿಕೊಳ್ಳಿ. ಬಂದಮೇಲೆ ಬಿಸಿನೀರಲ್ಲಿ ಸೋಪು ಹಚ್ಚಿ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಸತ್ತ ಮಂಗವನ್ನು ಮುಟ್ಟಬೇಡಿ, ತಿಳಿಸಿ. ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ಬನ್ನಿ. ಇವುಗಳಲ್ಲಿ ಸುಳ್ಳು ಒಂದೂ ಇಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ ಈ ಕಾಯಿಲೆಯ ವೈರಾಣು ಉಣುಗು ಕಚ್ಚಿದರೆ ಬರುತ್ತದೆ, ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ, ತಗುಲಿದವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿಯನ್ನು ಬಲಿ ತೆಗೆದುಕೊಳ್ಳುತ್ತದೆ. ಆದ್ದರಿಂದ ಉಣುಗು ಮೈಗೆ ಹತ್ತದಂತೆ ನೋಡಿಕೊಳ್ಳಿ ಎನ್ನುವುದೇ ಸಲಹೆಯ ತಿರುಳು. ನನ್ನ ತಕರಾರು ಬೇರೆ: ಪ್ರತಿ ಸಾಲೂ ಪಾಲಿಸುವವರಿಂದ ಏನೋ ಒಂದನ್ನು ಕೇಳುತ್ತದೆ, ಏನು ಕೇಳುತ್ತಿದ್ದೇನೆ ಎಂಬುದು ಬರೆದವರಿಗೆ ಗೊತ್ತಿದ್ದಂತೆ ಕಾಣುವುದಿಲ್ಲ.

ಮೊದಲ ಸಾಲನ್ನೇ ನೋಡಿ. ಅಡಿಕೆ ತೋಟಕ್ಕೆ ಗೊಬ್ಬರ ಬೇಕು, ಗೊಬ್ಬರಕ್ಕೆ ಕೊಟ್ಟಿಗೆ ಬೇಕು, ಕೊಟ್ಟಿಗೆಗೆ ಹಾಸಲು ಸೊಪ್ಪೋ ಒಣ ಎಲೆಯ ದರಗೋ ಬೇಕು. ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೂ ಸೊಪ್ಪಿನ ಬೆಟ್ಟ ಬಿಟ್ಟುಕೊಡುವ ವ್ಯವಸ್ಥೆ ಬ್ರಿಟಿಷರ ಕಾಲದಿಂದ ಬಂದದ್ದು. ಎಂದರೆ ಕಾಡಿಗೆ ಹೋಗುವುದು ಇಲ್ಲಿ ಬೇಸಾಯದ ಅರ್ಧ ಕೆಲಸ. ಎಲೆ ಉದುರಿ ಒಣಗಿ, ಗುಡಿಸಿ ತರಲು ಹದವಾಗುವುದು ಚಳಿಗಾಲದ ಕೊನೆಯಿಂದ ಬೇಸಿಗೆಯವರೆಗೆ. ಮಳೆ ಹಿಡಿಯುವ ಮೊದಲು ಅದನ್ನು ಒಟ್ಟಿಕೊಳ್ಳಲೇಬೇಕು. ಉಣುಗಿನ ಮರಿಗಳು, ಅದರಲ್ಲೂ ರೋಗ ಹಬ್ಬಿಸುವ ನಡುಹಂತದವು, ನೆಲದ ಎಲೆಗಳಲ್ಲಿ ತುಂಬಿರುವುದೂ ಅದೇ ತಿಂಗಳುಗಳಲ್ಲಿ. ಎರಡು ಪಂಚಾಂಗಗಳು ಹೀಗೆ ಒಂದರ ಮೇಲೊಂದು ಕೂತಿರುವಾಗ 'ಹೋಗಬೇಡಿ' ಎಂದರೆ ಈ ವರ್ಷ ತೋಟಕ್ಕೆ ಗೊಬ್ಬರ ಹಾಕಬೇಡಿ ಎಂದಂತೆ. ತೋಟವಿಲ್ಲದೆ ಕೂಲಿಗೆ ದರಗು ಹೊರುವವಳಿಗಂತೂ ಮನೆಯಲ್ಲಿ ಒಲೆ ಹಚ್ಚಬೇಡ ಎಂದಂತೆ. ಪಾಲಿಸಲಾಗದ ಸಾಲನ್ನು ಮೊದಲಿಗೇ ಇಟ್ಟರೆ ಓದುವವರು ಉಳಿದದ್ದನ್ನೂ ಅದೇ ತಕ್ಕಡಿಯಲ್ಲಿ ತೂಗಿ ಮಡಚಿಡುತ್ತಾರೆ.

ಬಾಯಿಮಾತು ಇದಕ್ಕಿಂತ ಜಾಣತನದ್ದು. ಮನೆಬಾಗಿಲಿಗೆ ಬರುವ ಆಶಾ ಕಾರ್ಯಕರ್ತೆ ಅದೇ ಊರಿನವಳು. ಅವಳ ಮನೆಯಲ್ಲೂ ಕೊಟ್ಟಿಗೆ ಇರುತ್ತದೆ. "ಅಕ್ಕಾ, ದರಗಿಗೆ ಹೋಗದಾದ್ರೆ ಎಣ್ಣೆ ಹಚ್ಕಂಡು ಹೋಗಿ, ಬಂದ್ಮೇಲೆ ಅದೇ ಬಟ್ಟೆಯಲ್ಲಿ ಒಳಗೆ ಕೂರ್ಬೇಡಿ" ಎನ್ನುವಲ್ಲಿ ಹೋಗುವುದನ್ನು ಒಪ್ಪಿಕೊಂಡೇ ಮಾತು ಶುರುವಾಗುತ್ತದೆ. ಅಚ್ಚಾದ ಹಾಳೆ ಇಲಾಖೆಯ ಪರವಾಗಿ ಮಾತಾಡುತ್ತದೆ: ನಾಳೆ ಏನಾದರೂ ಆದರೆ ನಾವು ಬೇಡವೆಂದು ಹೇಳಿದ್ದೆವು ಎನ್ನಲು ಒಂದು ಸಾಕ್ಷಿ ಇರಲಿ ಎಂಬ ಎಚ್ಚರ ಆ ಮೊದಲ ಸಾಲಿನ ಹಿಂದೆ ಇದೆ ಎಂದು ನನಗೆ ಅನುಮಾನ.

ಚಿತ್ರಗಳ ವಿಷಯವೂ ಹೇಳಬೇಕು. ನಾನು ನೋಡಿದ ಹಾಳೆಗಳಲ್ಲಿ ಹೆಚ್ಚಿನವುಗಳ ತಲೆಯ ಮೇಲೆ ದೊಡ್ಡದೊಂದು ಮಂಗ ಕೂತಿರುತ್ತದೆ, ಮೂಲೆಯಲ್ಲಿ ಒಂದು ಉಣುಗು. ಮಂಗ ಈ ರೋಗದಲ್ಲಿ ನಮ್ಮಂತೆಯೇ ಸಾಯುವ ಪ್ರಾಣಿ. ಕಪ್ಪು ಮೂತಿಯ ಮುಸುವ, ಕೆಂಪು ಮೂತಿಯ ಮಂಗ ಎರಡೂ ಸಾಯುತ್ತವೆ. ಕಾಡಿನಲ್ಲಿ ವೈರಾಣು ಸುತ್ತುತ್ತಿರಲು ಇಲಿ, ಚುಂಡಿಲಿಯಂಥ ಸಣ್ಣ ಪ್ರಾಣಿಗಳ ಪಾಲೂ ಇದೆ. ಮೂಲೆಯ ಉಣುಗನ್ನು ಕಾಲುಗಳೆಲ್ಲ ಎಣಿಸಲು ಬರುವಷ್ಟು ಹಿಗ್ಗಿಸಿ ಬರೆದಿರುತ್ತಾರೆ. ಅದನ್ನು ನೋಡಿದ ರೈತನ ಕಣ್ಣಿಗೆ ಬರುವುದು ಎಮ್ಮೆಯ ಕಿವಿಯಲ್ಲಿ ರಕ್ತ ಕುಡಿದು ಊದಿಕೊಂಡ ಉಣುಗು. ಅಂಥದ್ದು ಮೈಮೇಲೆ ಕಾಣದಿದ್ದರೆ ತನಗೇನೂ ಹತ್ತಿಲ್ಲವೆಂದು ಆತ ನೆಮ್ಮದಿಯಿಂದ ಊಟಕ್ಕೆ ಕೂರುತ್ತಾನೆ. ಕಚ್ಚುವ ಮರಿ ಎಳ್ಳಿಗಿಂತ ಚಿಕ್ಕದು. ಮೊಣಕಾಲಿನ ಹಿಂದೆ, ಕಂಕುಳಲ್ಲಿ, ಸೊಂಟದ ದಾರದ ಕೆಳಗೆ ಕೂತರೆ ಗೊತ್ತೇ ಆಗುವುದಿಲ್ಲ. ಅದರ ನಿಜವಾದ ಅಳತೆಯ ಒಂದು ಚುಕ್ಕೆಯನ್ನು ಹಾಳೆಯ ಮೇಲೆ ಅಚ್ಚು ಹಾಕಿದ್ದರೆ ಒಂದು ಪುಟದ ವಿವರಣೆ ಉಳಿಯುತ್ತಿತ್ತು.

ಸ್ನಾನದ ಸಲಹೆ ಮಾತ್ರ ನನಗೆ ಬಹಳ ಇಷ್ಟ. ಮಲೆನಾಡಿನ ಬಚ್ಚಲಲ್ಲಿ ಹಂಡೆ ಕುದಿಯುತ್ತಲೇ ಇರುತ್ತದೆ, ಕೆಲಸ ಮುಗಿಸಿ ಬಂದವರು ಮೀಯುವುದು ಹೇಗೂ ರೂಢಿ. ಇರುವ ಅಭ್ಯಾಸಕ್ಕೆ ಜೋತುಬಿದ್ದ ಸಲಹೆ ಉಳಿಯುತ್ತದೆ. ಕರಪತ್ರದಲ್ಲಿ ಅಂಥದ್ದು ಇದೊಂದೇ ಇರಬೇಕು. ಆದರೆ ಹಂಡೆಯ ಕೆಳಗಿನ ಸೌದೆ ಬರುವುದೆಲ್ಲಿಂದ? ಕಾಡಿಗೆ ಹೋಗಬೇಡಿ ಎಂದ ಹಾಳೆಯೇ ದಿನಾ ಬಿಸಿನೀರು ಕಾಯಿಸಿ ಎನ್ನುತ್ತದೆ. ಬರೆದವರ ಬಚ್ಚಲಲ್ಲಿ ಗೀಸರ್ ಇರಬೇಕು.

ಎಣ್ಣೆಯ ಕತೆ ಸ್ವಲ್ಪ ಸುಧಾರಿಸಿದೆ. ಹಿಂದೆ ಉಣುಗು ಹತ್ತದಂತೆ ಹಚ್ಚಿಕೊಳ್ಳಲು ಡಿಎಂಪಿ ತೈಲ ಕೊಡುತ್ತಿದ್ದರು. ಈಗ ರಕ್ಷಣಾ ಸಂಶೋಧನಾ ಸಂಸ್ಥೆ ರೂಪಿಸಿದ ಡೇಪಾ ಉಚಿತವಾಗಿ ಸಿಗುತ್ತದೆ. ಸರ್ಕಾರ ತಾನೂ ಏನೋ ಕೊಟ್ಟು, ನೀವೂ ಇಷ್ಟು ಮಾಡಿ ಎನ್ನುವ ಸಲಹೆ ಇದು, ಆದ್ದರಿಂದ ಇದಕ್ಕೊಂದು ತೂಕವಿದೆ. ಬಾಟಲಿ ಮನೆಗೆ ಬರುವುದು ಮೊದಲ ಮಂಗ ಸತ್ತಮೇಲೋ ಮುಂಚೆಯೋ ಎಂಬುದರ ಮೇಲೆ ಆ ತೂಕ ನಿಂತಿದೆ. ಅಕ್ಟೋಬರಿನಲ್ಲಿ ಬಂದ ಬಾಟಲಿಗೂ ಜನವರಿಯಲ್ಲಿ ಬಂದ ಬಾಟಲಿಗೂ ಒಳಗಿನ ದ್ರವ ಒಂದೇ, ಬೆಲೆ ಬೇರೆ.

ಲಸಿಕೆಯ ವಿಷಯದಲ್ಲಿ ಕರಪತ್ರ ನಡೆದುಕೊಂಡ ರೀತಿ ನನಗೆ ಸರಿಕಾಣಲಿಲ್ಲ. 1990ರಿಂದ ಮೂರು ದಶಕ ಕಾಲ 'ತಪ್ಪದೆ ಲಸಿಕೆ ಹಾಕಿಸಿಕೊಳ್ಳಿ' ಎನ್ನುವುದು ಸರ್ಕಾರದ ಮುಖ್ಯ ಮಾತಾಗಿತ್ತು. ತಿಂಗಳ ಅಂತರದಲ್ಲಿ ಎರಡು ಡೋಸು, ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್, ಆಮೇಲೂ ವರ್ಷಕ್ಕೊಂದು. ಚುಚ್ಚಿದರೆ ಕೈ ಊದಿ ನೋಯುತ್ತಿತ್ತು, ಒಂದು ದಿನದ ಕೂಲಿ ಹೋಗುತ್ತಿತ್ತು. 2005ರಿಂದ 2010ರ ಅಂಕಿಅಂಶ ನೋಡಿದ ಅಧ್ಯಯನವೊಂದು ಎರಡು ಡೋಸಿನಿಂದ ಸುಮಾರು ಶೇ. 62ರಷ್ಟು, ಬೂಸ್ಟರ್ ಸೇರಿದರೆ ಸುಮಾರು ಶೇ. 83ರಷ್ಟು ರಕ್ಷಣೆ ಸಿಗುತ್ತದೆ ಎಂದು ಲೆಕ್ಕ ಹಾಕಿತು. ಎರಡು ಡೋಸಿಗೇ ನಿಲ್ಲಿಸಿದವರಿಗೆ ತಮ್ಮ ರಕ್ಷಣೆ ಅರ್ಧಂಬರ್ಧ ಎಂಬುದು ಎಷ್ಟು ಗೊತ್ತಿತ್ತು? ಕೊನೆಗೆ ಲಸಿಕೆಯ ಶಕ್ತಿ ಕುಗ್ಗಿದೆಯೆಂದು ಅದನ್ನು ನಿಲ್ಲಿಸಿದರು. ಹೊಸದರ ಕೆಲಸ ನಡೆದಿದೆ. ಹಾಳೆಯಿಂದ ಆ ಸಾಲು ಸದ್ದಿಲ್ಲದೆ ಹೊರಟುಹೋಯಿತು. ಯಾಕೆ ಹೋಯಿತೆಂದು ಹೇಳುವ ಸಾಲು ನಾನು ಕಂಡ ಯಾವ ಕರಪತ್ರದಲ್ಲೂ ಇರಲಿಲ್ಲ. ನೋವು ತಿಂದು ಕೈಯೊಡ್ಡಿದ ಜನಕ್ಕೆ ಅಷ್ಟು ಹೇಳುವ ಮರ್ಯಾದೆಯಾದರೂ ಬೇಕಿತ್ತು. ಹೊಸ ಲಸಿಕೆ ಬಂದಾಗ ಅವರನ್ನು ಮತ್ತೆ ಕರೆಯಬೇಕಾದದ್ದು ಇದೇ ಕಾಗದದಿಂದಲೇ.

ಸಲಹೆಗಳ ಹಿಂದಿನ ವಿಜ್ಞಾನವೂ ನಾವು ಅಂದುಕೊಂಡಷ್ಟು ಗಟ್ಟಿಯಲ್ಲ. ಭಾರತ ಮತ್ತು ಬ್ರಿಟನ್ನಿನ ಸಂಶೋಧಕರ ತಂಡವೊಂದು 2021ರಲ್ಲಿ ಈ ರೋಗದ ನಿರ್ವಹಣೆಗೆಂದು ಹೇಳಲಾಗುವ ಕ್ರಮಗಳನ್ನು ಒಂದೊಂದಾಗಿ ತೆಗೆದುಕೊಂಡು ಪರಿಸರ ವಿಜ್ಞಾನದಲ್ಲಿ ಅದಕ್ಕೆ ಎಷ್ಟು ಪುರಾವೆಯಿದೆ ಎಂದು ಹುಡುಕಿತು. ಹಲವಕ್ಕೆ ಸಾಕಷ್ಟು ಪುರಾವೆ ಇರಲಿಲ್ಲ. ದನಕರುಗಳು ಉಣುಗಿನ ಸಂಖ್ಯೆ ಹೆಚ್ಚಿಸುತ್ತವೆ ಸರಿ, ಆದರೆ ಅವುಗಳ ಮೈಗೆ ಔಷಧ ಹಚ್ಚಿದರೆ ಮನುಷ್ಯರಿಗೆ ರೋಗ ಎಷ್ಟು ತಗ್ಗುತ್ತದೆ ಎನ್ನುವಂಥ ಪ್ರಶ್ನೆಗಳಿಗೆ ಊರಿನ ಮಟ್ಟದ ಉತ್ತರ ಇನ್ನೂ ಬೇಕಾಗಿದೆ. ಕರಪತ್ರದ ದನಿಯಲ್ಲಿ ಈ ಅಳುಕು ಎಲ್ಲೂ ಕೇಳಿಸುವುದಿಲ್ಲ. ಖಚಿತವಾದದ್ದನ್ನೂ ಊಹೆಯನ್ನೂ ಅದು ಒಂದೇ ಗಾತ್ರದ ಅಕ್ಷರದಲ್ಲಿ ಅಚ್ಚು ಹಾಕುತ್ತದೆ.

ಸತ್ತ ಮಂಗ ಕಂಡರೆ ತಿಳಿಸಿ ಎಂಬುದನ್ನು ನಾನು ಈ ಗದ್ಯದ ಶ್ರೇಷ್ಠ ಸಾಲು ಎನ್ನುತ್ತೇನೆ. ಮಂಗ ಸತ್ತೊಡನೆ ಅದರ ಮೈಮೇಲಿನ ಉಣುಗುಗಳು ಇಳಿದು ಸುತ್ತಲ ನೆಲದಲ್ಲಿ ಹರಡುತ್ತವೆ. ಬೇಗ ಗೊತ್ತಾದರೆ ಶವ ಸುಟ್ಟು, ಜಾಗಕ್ಕೆ ಮೆಲಾಥಿಯನ್ ಪುಡಿ ಎರಚಿ, ಆ ದಾರಿಯಲ್ಲಿ ಓಡಾಡುವವರಿಗೆ ಎಚ್ಚರ ಹೇಳಬಹುದು. ಇಲ್ಲಿ ಊರಿನವರು ಬರೀ ಕೇಳಿಸಿಕೊಳ್ಳುವವರಲ್ಲ, ಸುದ್ದಿ ಕೊಡುವವರು. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ರೋಗ ಎದ್ದು ಸಾಲುಸಾವು ಕಂಡಮೇಲೆ ಮಂಗದ ಸಾವನ್ನು ಯಾರೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ಸುದ್ದಿ ಕೊಟ್ಟವನಿಗೆ ಮರುಸುದ್ದಿ ಬರುವ ಏರ್ಪಾಡು ಹಾಳೆಯಲ್ಲಿಲ್ಲ. ಆ ಮಂಗದಲ್ಲಿ ವೈರಾಣು ಇತ್ತೇ? ಆ ಬೆಟ್ಟಕ್ಕೆ ಎಷ್ಟು ದಿನ ಹೋಗದಿದ್ದರೆ ಒಳ್ಳೆಯದು? ಇಡೀ ಕಾಡನ್ನು ಮುಚ್ಚುವ ಬದಲು ಈ ಒಂದು ಬೆಟ್ಟವನ್ನು ಇಷ್ಟು ದಿನ ಬಿಡಿ ಎಂದರೆ ಬಿಡುವವರು ಬಹಳ ಮಂದಿ ಇದ್ದಾರೆ.

ಜ್ವರದ ಸಾಲು ಅರ್ಧಕ್ಕೇ ನಿಂತಿದೆ. ಉಣುಗು ಕಚ್ಚಿದ ಮೂರರಿಂದ ಎಂಟು ದಿನದೊಳಗೆ ಇದ್ದಕ್ಕಿದ್ದಂತೆ ಜ್ವರ, ತಲೆನೋವು, ಮೈಕೈ ಮುರಿತ ಬರುತ್ತದೆ ಎಂಬಷ್ಟು ಎಲ್ಲರಿಗೂ ಗೊತ್ತು. ಜ್ವರ ಇಳಿದು ಒಂದೆರಡು ವಾರ ಆರಾಮಾಗಿದ್ದವರಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತು ಮಂದಿಗೆ ಅದು ಮತ್ತೆ ಮರಳುತ್ತದೆ. ಆಗ ತೀವ್ರ ತಲೆನೋವು, ನಡುಕ, ಮಂಕು ಕವಿಯುವುದು, ಮೆದುಳಿಗೆ ಸಂಬಂಧಿಸಿದ ಲಕ್ಷಣಗಳು ಕಾಣಿಸುತ್ತವೆ. ವೈರಾಣುವನ್ನೇ ಕೊಲ್ಲುವ ಮದ್ದು ಇಲ್ಲದಿರುವಾಗ ನೀರಿನಂಶ, ರಕ್ತದೊತ್ತಡ, ರಕ್ತಸ್ರಾವದ ಮೇಲೆ ಕಣ್ಣಿಡುವುದೇ ಚಿಕಿತ್ಸೆ, ಅದಕ್ಕೆ ಆಸ್ಪತ್ರೆ ಬೇಕು. ಮೊದಲ ಜ್ವರ ಬಿಟ್ಟ ಕೂಡಲೆ ಬಾಕಿ ಉಳಿದ ಅಡಿಕೆ ಸುಲಿಯಲು ಕೂರುವ ಮನುಷ್ಯನಿಗೆ, ಜ್ವರ ಬಿಟ್ಟಮೇಲೂ ಎರಡು ವಾರ ಮನೆಯವರು ನಿಮ್ಮ ಮೇಲೆ ಕಣ್ಣಿಟ್ಟಿರಲಿ, ಮತ್ತೆ ತಲೆ ಸಿಡಿದರೆ ಆ ರಾತ್ರಿಯೇ ಹೊರಡಿ ಎಂದು ಹೇಳಬೇಕು. ಊರಿಂದ ಆಸ್ಪತ್ರೆಗೆ ರಾತ್ರಿ ಹೊತ್ತು ಯಾವ ಗಾಡಿ ಸಿಗುತ್ತದೆ, ಯಾರಿಗೆ ಫೋನು ಮಾಡಬೇಕು ಎಂಬುದನ್ನು ಪಂಚಾಯಿತಿಯವರೇ ಅದರ ಕೆಳಗೆ ಕೈಯಲ್ಲಿ ಬರೆದುಕೊಟ್ಟರೂ ಆದೀತು.