ಇಂಗ್ಲಿಷ್ ವ್ಯಾಕರಣದ ಕ್ರಿಯಾವಿಶೇಷಣ: ಹೆಸರೂ ವಿಭಾಗಕ್ರಮವೂ

ಇಂಗ್ಲಿಷ್ ವ್ಯಾಕರಣವು ಪರಂಪರೆಯಿಂದ ಹೇಳುತ್ತ ಬಂದಿರುವ ಎಂಟು ಪದವರ್ಗಗಳಲ್ಲಿ ‘ಆಡ್ವರ್ಬ್’ ಎಂಬುದರ ಲಕ್ಷಣವನ್ನು ಹೇಳುವುದು ಸುಲಭವೆಂದು ತೋರುವುದು. ಪ್ರಯೋಗವನ್ನು ವಿವೇಚಿಸತೊಡಗಿದಾಗ ಹೆಚ್ಚು ತೊಡಕನ್ನುಂಟುಮಾಡುವುದೂ ಅದೇ. ಕನ್ನಡದಲ್ಲಿ ಇದಕ್ಕೆ ಕ್ರಿಯಾವಿಶೇಷಣವೆಂದು ಹೆಸರಿಟ್ಟು, ರೀತಿ, ಕಾಲ, ಸ್ಥಳ, ಪರಿಮಾಣ, ಆವೃತ್ತಿ ಎಂದು ಅರ್ಥಾನುಸಾರವಾಗಿ ವಿಭಾಗಿಸಿ ಬೋಧಿಸುವುದು ರೂಢಿಯಾಗಿದೆ. ಈ ವಿಭಾಗವು ಪೂರ್ತಿಯಾಗಿ ತಪ್ಪೆಂದು ಹೇಳಲಾಗದು. ಆದರೆ ಎರಡನೆಯದಾಗಿ ಕೇಳಬೇಕಾದ ಪ್ರಶ್ನೆಯನ್ನು ಅದು ಮೊದಲು ಕೇಳುತ್ತದೆ. ಪದವು ಯಾವ ಅರ್ಥವನ್ನು ಕೊಡುತ್ತದೆ ಎನ್ನುವುದಕ್ಕಿಂತ ಮುಂಚೆ, ಅದು ವಾಕ್ಯದ ಯಾವ ಅಂಗವನ್ನು ವಿಶೇಷಿಸುತ್ತದೆ ಎಂಬುದು ನಿರ್ಣಯವಾಗಬೇಕು.

ಮೊದಲು ಹೆಸರನ್ನೇ ಪರಿಶೀಲಿಸಬಹುದು. ಡಯೊನೀಸಿಯಸ್ ಥ್ರಾಕ್ಸನ ಹೆಸರಿನಲ್ಲಿ ಬಂದಿರುವ ಗ್ರೀಕ್ ವ್ಯಾಕರಣದಲ್ಲಿ ಈ ವರ್ಗಕ್ಕೆ ‘ಎಪಿರ್ರೇಮ’ ಎಂಬ ಸಂಜ್ಞೆಯಿದೆ. ಲ್ಯಾಟಿನ್ ವೈಯಾಕರಣರು ಅದನ್ನೇ ‘ಅಡ್ವೆರ್ಬಿಯುಂ’ ಎಂದು ಪರಿವರ್ತಿಸಿಕೊಂಡರು. ಲ್ಯಾಟಿನ್ನಿನ ‘ವೆರ್ಬುಂ’ ಶಬ್ದಕ್ಕೆ ಕ್ರಿಯಾಪದವೆಂಬ ಪಾರಿಭಾಷಿಕಾರ್ಥದಂತೆ ಪದ ಎಂಬ ಸಾಮಾನ್ಯಾರ್ಥವೂ ಉಂಟು. ಸಂಸ್ಕೃತದ ‘ಕ್ರಿಯಾವಿಶೇಷಣ’ಕ್ಕೆ ಈ ಸಡಿಲವಿಲ್ಲ. ‘ಶೀಘ್ರಂ ಗಚ್ಛತಿ’ ಎಂಬಲ್ಲಿ ‘ಶೀಘ್ರಂ’ ಎಂಬುದು ನಪುಂಸಕಲಿಂಗದ ದ್ವಿತೀಯಾ ಏಕವಚನದಲ್ಲಿ ನಿಂತು ಕ್ರಿಯೆಯನ್ನೇ ವಿಶೇಷಿಸುತ್ತದೆ. ಅವ್ಯಯವೆಂಬ ಸಂಜ್ಞೆ ಬೇರೆ. ಅದು ವಿಭಕ್ತಿವಿಕಾರವಿಲ್ಲದ ರೂಪವನ್ನು ನೋಡಿ ಇಟ್ಟ ಹೆಸರು. ಕೇಶಿರಾಜನೂ ‘ಶಬ್ದಮಣಿದರ್ಪಣ’ದ ಕೊನೆಯ ಪ್ರಕರಣವನ್ನು ಅವ್ಯಯಗಳಿಗಾಗಿ ಬೇರೆಯಿರಿಸಿದ್ದಾನೆ. ರೂಪದಿಂದ ಬಂದ ಹೆಸರೊಂದು, ವ್ಯಾಪಾರದಿಂದ ಬಂದ ಹೆಸರೊಂದು ಎಂಬ ಈ ವಿವೇಕವು ಇಂಗ್ಲಿಷಿನ ‘ಆಡ್ವರ್ಬ್’ ಸಂಜ್ಞೆಯಲ್ಲಿ ಕಾಣುವುದಿಲ್ಲ.

ಹೀಗಿರುವುದರಿಂದ ಲಕ್ಷಣಕ್ಕೂ ಲಕ್ಷ್ಯಕ್ಕೂ ಹೊಂದಿಕೆ ತಪ್ಪುವುದು. ‘ವೆರಿ’ ಎಂಬುದು ಈ ವರ್ಗದ ಅತಿ ಪರಿಚಿತ ಪದಗಳಲ್ಲೊಂದು. ಅದು ‘ವೆರಿ ಗುಡ್’ ಎಂದು ನಾಮವಿಶೇಷಣವನ್ನೂ, ‘ವೆರಿ ಸ್ಲೋಲಿ’ ಎಂದು ಇನ್ನೊಂದು ಆಡ್ವರ್ಬನ್ನೂ ವಿಶೇಷಿಸಬಲ್ಲುದು. ‘ಐ ವೆರಿ ಲೈಕ್’ ಎಂದು ಕ್ರಿಯಾಪದದೊಡನೆ ನೇರವಾಗಿ ಸೇರಲಾರದು. ಕ್ರಿಯೆಯನ್ನು ವಿಶೇಷಿಸಲಾರದ ಪದವನ್ನು ಕ್ರಿಯಾವಿಶೇಷಣವೆಂದು ಕಲಿಸಿದರೆ ವಿದ್ಯಾರ್ಥಿಯು ಹೆಸರನ್ನು ನಂಬಬೇಕೋ ಪ್ರಯೋಗವನ್ನು ನಂಬಬೇಕೋ ತಿಳಿಯದೆ ಹೋಗುವನು.

ರೂಪವನ್ನು ಆಶ್ರಯಿಸಿದರೂ ತೊಡಕು ತೀರುವುದಿಲ್ಲ. ‘ಲಿ’ ಪ್ರತ್ಯಯಾಂತವೆಲ್ಲ ಈ ವರ್ಗಕ್ಕೆ ಸೇರಿದ್ದೆಂದರೆ ‘ಫ್ರೆಂಡ್ಲಿ’ ಎಂಬ ನಾಮವಿಶೇಷಣವೇ ಅಡ್ಡಬರುವುದು. ಪ್ರಾಚೀನ ಇಂಗ್ಲಿಷಿನಲ್ಲಿ ನಾಮವಿಶೇಷಣಕ್ಕೆ ಎಕಾರವನ್ನು ಹತ್ತಿಸಿ ಈ ಪದಗಳನ್ನು ಸಾಧಿಸುವ ಕ್ರಮವೊಂದಿತ್ತು. ಮಧ್ಯಕಾಲದಲ್ಲಿ ಆ ಅಂತ್ಯಸ್ವರವು ಲೋಪವಾದ್ದರಿಂದ ‘ಹಾರ್ಡ್’, ‘ಫಾಸ್ಟ್’ ಮೊದಲಾದವು ಎರಡು ವರ್ಗಗಳಲ್ಲಿಯೂ ಒಂದೇ ರೂಪದಲ್ಲಿ ಉಳಿದುವು. ‘ಹಿ ವರ್ಕ್ಸ್ ಹಾರ್ಡ್’ ಎಂದರೆ ಅವನು ಕಷ್ಟಪಟ್ಟು ದುಡಿಯುವನು. ‘ಹಿ ಹಾರ್ಡ್ಲಿ ವರ್ಕ್ಸ್’ ಎಂದರೆ ದುಡಿಯುವುದೇ ಇಲ್ಲವೆನ್ನಬಹುದು. ಪ್ರತ್ಯಯವನ್ನು ಮಾತ್ರ ನೋಡಿದವನಿಗೆ ಈ ವೈಪರೀತ್ಯವು ಹೊಳೆಯದು.

ಅರ್ಥಾನುಸಾರವಾದ ವಿಭಾಗಕ್ರಮವು ಬಹುಕಾಲದಿಂದ ಬಂದದ್ದು. 1795ರಲ್ಲಿ ಪ್ರಕಟವಾಗಿ ದೀರ್ಘಕಾಲ ಶಾಲೆಗಳಲ್ಲಿ ಬಳಕೆಯಲ್ಲಿದ್ದ ಲಿಂಡ್ಲಿ ಮರೆಯ ವ್ಯಾಕರಣದಲ್ಲಿಯೂ ಸ್ಥಳ, ಕಾಲ, ಪರಿಮಾಣ, ರೀತಿ, ಸಂಶಯ, ನಿಷೇಧ ಮುಂತಾದ ಭೇದಗಳನ್ನು ಹೇಳಿದೆ. ಹೇಗೆ, ಯಾವಾಗ, ಎಲ್ಲಿ, ಎಷ್ಟು ಎಂಬ ಪ್ರಶ್ನೆಗಳಿಗೆ ಉತ್ತರವಾಗಿ ಬರುವ ಪದಗಳಿಗೆ ಈ ಕ್ರಮವು ಒಪ್ಪುವುದು. ಆದರೆ ‘ಪರ್‌ಹ್ಯಾಪ್ಸ್’ ಎಂಬುದು ಇವುಗಳಲ್ಲಿ ಯಾವ ಪ್ರಶ್ನೆಗೆ ಉತ್ತರ? ‘ಹೌಎವರ್’ ಯಾವುದಕ್ಕೆ? ಮೊದಲನೆಯದು ಹೇಳಿಕೆಯ ನಿಶ್ಚಯವನ್ನು ಸಡಿಲಿಸುತ್ತದೆ. ಎರಡನೆಯದು ಹಿಂದಿನ ವಾಕ್ಯದೊಡನೆ ವಿರೋಧವನ್ನು ತೋರಿಸಿ ಮುಂದಿನದನ್ನು ಜೋಡಿಸುತ್ತದೆ. ಪಟ್ಟಿಗೆ ಹೊಸ ಹೆಸರುಗಳನ್ನು ಸೇರಿಸುತ್ತ ಹೋದ ಮಾತ್ರಕ್ಕೆ ಈ ವ್ಯತ್ಯಾಸವು ಸ್ಪಷ್ಟವಾಗದು.

ಇದರ ಫಲವು ಭಾಷಾಂತರದಲ್ಲಿ ಪ್ರತ್ಯಕ್ಷವಾಗುವುದು. ‘ರಾಮ ಡಿಡ್ ನಾಟ್ ಆನ್ಸರ್ ಫೂಲಿಷ್ಲಿ’ ಎಂಬ ವಾಕ್ಯದಲ್ಲಿ ರಾಮನು ಉತ್ತರ ಕೊಟ್ಟಿದ್ದಾನೆ. ಆ ಉತ್ತರವು ಮೂರ್ಖತನದ್ದಲ್ಲ. ‘ಫೂಲಿಷ್ಲಿ, ರಾಮ ಡಿಡ್ ನಾಟ್ ಆನ್ಸರ್’ ಎಂದಾಗ ಅವನು ಉತ್ತರವನ್ನೇ ಕೊಟ್ಟಿಲ್ಲ. ಕೊಡದೆ ಇದ್ದುದೇ ಮೂರ್ಖತನ. ಎರಡು ವಾಕ್ಯಗಳಲ್ಲಿಯೂ ಪದ ಒಂದೇ. ಎರಡನ್ನೂ ರೀತಿವಾಚಕವೆಂದು ಗುರುತಿಸಿದ ವಿದ್ಯಾರ್ಥಿಯು ‘ರಾಮನು ಮೂರ್ಖತನದಿಂದ ಉತ್ತರಿಸಲಿಲ್ಲ’ ಎಂದು ಬರೆದರೆ ಆ ಕನ್ನಡ ವಾಕ್ಯವು ಎರಡರ್ಥಕ್ಕೂ ಎಡೆಗೊಡುವುದು. ‘ರಾಮನು ಕೊಟ್ಟ ಉತ್ತರವು ಮೂರ್ಖತನದ್ದಾಗಿರಲಿಲ್ಲ’ ಎಂದೂ, ‘ಉತ್ತರಿಸದೆ ಇದ್ದುದು ರಾಮನ ಮೂರ್ಖತನ’ ಎಂದೂ ಬಿಡಿಸಿದಾಗ ಮಾತ್ರ ಮೂಲದ ಭಾವವು ಉಳಿಯುವುದು. ಇಂಗ್ಲಿಷು ಪದದ ಸ್ಥಾನದಿಂದ ಸಾಧಿಸುವುದನ್ನು ಕನ್ನಡವು ವಾಕ್ಯರಚನೆಯನ್ನೇ ಬದಲಿಸಿ ಸಾಧಿಸಬೇಕಾಗುತ್ತದೆ.

‘ಓನ್ಲಿ’ ಎಂಬುದರ ಗತಿಯೂ ಇಂಥದೇ. ‘ಓನ್ಲಿ ರಾಮ ಸಾ ದಿ ಕಿಂಗ್’ ಎಂದರೆ ರಾಮನೊಬ್ಬನೇ ರಾಜನನ್ನು ಕಂಡನು. ‘ರಾಮ ಸಾ ಓನ್ಲಿ ದಿ ಕಿಂಗ್’ ಎಂದರೆ ರಾಮನು ರಾಜನನ್ನು ಮಾತ್ರ ಕಂಡನು. ಇಲ್ಲಿ ಅವಧಾರಣೆಯು ನಾಮಪದದ ಮೇಲೆಯೇ ಬಿದ್ದಿದೆ. ಶಾಲಾವ್ಯಾಕರಣದ ಲಕ್ಷಣದಲ್ಲಿ ನಾಮಪದಕ್ಕೆ ಎಡೆಯೇ ಇಲ್ಲ. ಕನ್ನಡದ ಅವಧಾರಣಾರ್ಥಕ ಏಕಾರವೂ ‘ಮಾತ್ರ’ವೂ ತಾವು ಎತ್ತಿ ಹಿಡಿಯುವ ಪದದ ಹಿಂದೆಯೇ ಅಂಟಿಬರುವುದರಿಂದ ಕನ್ನಡಿಗನಿಗೆ ಈ ಸೂಕ್ಷ್ಮವು ಅಪರಿಚಿತವಲ್ಲ. ತನಗೆ ತಿಳಿದಿರುವುದನ್ನು ಇಂಗ್ಲಿಷಿನಲ್ಲಿ ಗುರುತಿಸಲು ಅವನಿಗೆ ಪಾಠಕ್ರಮವು ನೆರವಾಗಬೇಕು.

ಈ ಅವ್ಯವಸ್ಥೆಯನ್ನು ವಿದ್ವಾಂಸರು ಗಮನಿಸದೆ ಇಲ್ಲ. ಒಟ್ಟೊ ಯೆಸ್ಪರ್ಸನ್ನನು 1924ರ ‘ದಿ ಫಿಲಾಸಫಿ ಆಫ್ ಗ್ರಾಮರ್’ ಗ್ರಂಥದಲ್ಲಿ ಆಡ್ವರ್ಬ್, ಪ್ರೆಪೊಸಿಷನ್, ಕಂಜಂಕ್ಷನ್ನುಗಳನ್ನು ಒಂದೇ ದೊಡ್ಡ ವರ್ಗದಲ್ಲಿ ಸೇರಿಸಿದನು. ಕ್ವರ್ಕ್, ಗ್ರೀನ್‌ಬಾಮ್, ಲೀಚ್, ಸ್ವಾರ್ಟ್‌ವಿಕ್ ಎಂಬ ನಾಲ್ವರು 1985ರ ಬೃಹದ್ವ್ಯಾಕರಣದಲ್ಲಿ ವಾಕ್ಯದೊಳಗಿನ ವ್ಯಾಪಾರವನ್ನು ನೋಡಿ ಅಡ್ಜಂಕ್ಟ್, ಸಬ್ಜಂಕ್ಟ್, ಡಿಸ್ಜಂಕ್ಟ್, ಕಂಜಂಕ್ಟ್ ಎಂಬ ನಾಲ್ಕು ಭೇದಗಳನ್ನು ಹೇಳಿದರು. ಹಡಲ್‌ಸ್ಟನ್ ಮತ್ತು ಪುಲ್ಲಮ್ ಇವರ 2002ರ ವ್ಯಾಕರಣವು ‘ಹಿಯರ್’, ‘ದೇರ್’ ಮುಂತಾದ ಪದಗಳನ್ನು ಪ್ರೆಪೊಸಿಷನ್ ವರ್ಗಕ್ಕೆ ಒಯ್ದು ಆಡ್ವರ್ಬಿನ ಎಲ್ಲೆಯನ್ನು ಕಿರಿದುಮಾಡಿತು. ಇವುಗಳಲ್ಲಿ ನಾಲ್ವರ ಕ್ರಮವು ಬೋಧನೆಗೆ ಹೆಚ್ಚು ಹತ್ತಿರವಾದುದು. ಆದರೂ ‘ಕೈಂಡ್ಲಿ’ ಎಂಬ ವಿನಯಸೂಚಕವನ್ನೂ ‘ಓನ್ಲಿ’ ಎಂಬ ಅವಧಾರಕವನ್ನೂ ಸಬ್ಜಂಕ್ಟ್ ಎಂಬ ಒಂದೇ ಹೆಸರಿನಡಿ ಸೇರಿಸಿದ್ದರಿಂದ ಹಳೆಯ ಗೊಂದಲದ ಒಂದಂಶವು ಹೊಸ ಸಂಜ್ಞೆಯಲ್ಲಿ ಉಳಿದುಕೊಂಡಿದೆ.

ರೂಢಿಯ ಹೆಸರನ್ನು ಕಿತ್ತುಹಾಕಬೇಕೆಂದು ಇದರಿಂದ ಸಿದ್ಧವಾಗುವುದಿಲ್ಲ. ಪರೀಕ್ಷೆಗೂ ಪಠ್ಯಕ್ಕೂ ಹೊಂದಿಬಂದ ಸಂಜ್ಞೆಯನ್ನು ತೊರೆದರೆ ಆಗುವ ಕ್ಲೇಶವು ಲಾಭಕ್ಕಿಂತ ಹೆಚ್ಚು. ವಿಭಾಗದ ಕ್ರಮವನ್ನು ಮಾತ್ರ ತಿದ್ದಿಕೊಳ್ಳಬೇಕು. ಕ್ರಿಯೆಯನ್ನು ವಿಶೇಷಿಸುವುದು, ವಿಶೇಷಣವನ್ನೇ ವಿಶೇಷಿಸುವುದು, ಯಾವುದಾದರೊಂದು ಪದವನ್ನು ಅವಧರಿಸುವುದು, ಇಡೀ ವಾಕ್ಯವನ್ನು ಕುರಿತದ್ದು, ವಾಕ್ಯಗಳನ್ನು ಜೋಡಿಸುವುದು ಎಂಬ ಐದು ಭೇದಗಳನ್ನು ಮೊದಲು ಹೇಳತಕ್ಕದ್ದು. ರೀತಿ, ಕಾಲ, ಸ್ಥಳ, ಆವೃತ್ತಿಗಳು ಮೊದಲನೆಯ ಭೇದದ ಒಳಭೇದಗಳಾಗಿಯೂ, ಪರಿಮಾಣವು ಮುಖ್ಯವಾಗಿ ಎರಡನೆಯದರಲ್ಲಿಯೂ ಸಹಜವಾಗಿ ನೆಲೆಗೊಳ್ಳುವುವು. ಒಂದೇ ಪದವು ಎರಡು ಭೇದಗಳಲ್ಲಿ ಕಾಣಿಸಿಕೊಂಡರೆ ಅದು ವಿಭಾಗದ ದೋಷವಲ್ಲ. ‘ಫೂಲಿಷ್ಲಿ’ಯಂತೆ ಆ ಪದಕ್ಕೆ ಎರಡು ವ್ಯಾಪಾರಗಳುಂಟೆಂಬುದಕ್ಕೆ ಅದೇ ಪ್ರಮಾಣ. ಈ ಕ್ರಮದಲ್ಲಿ ಕಲಿತವನು ಪಟ್ಟಿಯನ್ನು ಬಾಯಿಪಾಠಮಾಡುವುದಕ್ಕೆ ಬದಲಾಗಿ ವಾಕ್ಯವನ್ನು ಓದುವನು; ವಾಕ್ಯವನ್ನು ಓದಬಲ್ಲವನಿಗೆ ಭಾಷಾಂತರದಲ್ಲಿ ರಾಮನು ಉತ್ತರಿಸಿದನೋ ಇಲ್ಲವೋ ಎಂಬ ಸಂಶಯವು ಉಳಿಯುವುದಿಲ್ಲ.