‘ಟ್ವೈಲೈಟ್’ ಕಾದಂಬರಿಯ ವಾಚಕರೂ ರಸವಿರೋಧ ವಿಚಾರವೂ

೧

ಕಾವ್ಯದ ಗುಣದೋಷಗಳನ್ನು ನಿರ್ಣಯಿಸತಕ್ಕವರು ಯಾರೆಂಬ ಪ್ರಶ್ನೆಯು ಅಲಂಕಾರಶಾಸ್ತ್ರದಷ್ಟೇ ಹಳೆಯದು. ಸಹೃದಯನೇ ಪ್ರಮಾಣವೆಂದು ಆನಂದವರ್ಧನಾದಿಗಳು ಉತ್ತರವಿತ್ತರು. ಕಾವ್ಯಾನುಶೀಲನದ ಅಭ್ಯಾಸದಿಂದ ಯಾವನ ಮನಸ್ಸೆಂಬ ಕನ್ನಡಿಯು ನಿರ್ಮಲವಾಗಿ, ವರ್ಣಿತವಾದ ವಸ್ತುವಿನಲ್ಲಿ ತನ್ಮಯವಾಗುವ ಯೋಗ್ಯತೆಯನ್ನು ಪಡೆದಿರುವುದೋ ಅವನೇ ಸಹೃದಯನೆಂದು ಅಭಿನವಗುಪ್ತನು ವಿವರಿಸಿದನು. ಆದರೆ ಒಂದೇ ಗ್ರಂಥವನ್ನು ಕೋಟ್ಯಂತರ ಜನರು ಓದಿ, ಅವರಲ್ಲಿ ಒಂದು ಪಂಗಡವು ತನ್ಮಯವಾಗಿ, ಇನ್ನೊಂದು ಪಂಗಡವು ಅದನ್ನೇ ಹೇಯವೆಂದು ತಳ್ಳಿದಾಗ ಯಾರ ಕನ್ನಡಿಯಲ್ಲಿ ಮಾಲಿನ್ಯವಿದೆಯೆಂದು ಹೇಳುವುದು? ಇದು ಬರಿಯ ಶಾಸ್ತ್ರವಿನೋದವಲ್ಲ. ಪಾಠಶಾಲೆಗಳಲ್ಲಿ ಸಾಹಿತ್ಯವನ್ನು ಬೋಧಿಸುವವರು ಎಳೆಯ ಓದುಗರ ಮೆಚ್ಚಿಕೆಯನ್ನು ಹೇಗೆ ಕಾಣಬೇಕೆಂಬುದು ಇದನ್ನೇ ಅವಲಂಬಿಸಿದೆ.

ಈ ಪ್ರಶ್ನೆಯ ಪರೀಕ್ಷೆಗೆ ಅಮೆರಿಕದ ಸ್ಟೆಫನಿ ಮೆಯರ್ ಎಂಬ ಲೇಖಕಿಯ ‘ಟ್ವೈಲೈಟ್’ ಎಂಬ ಇಂಗ್ಲಿಷ್ ಕಾದಂಬರಿಯು ತಕ್ಕ ಉದಾಹರಣೆಯಾಗಿದೆ. ೨೦೦೩ನೆಯ ಇಸವಿ ಜೂನ್ ತಿಂಗಳಿನಲ್ಲಿ ಕಂಡ ಒಂದು ಕನಸೇ ಇದರ ಬೀಜವೆಂದು ಲೇಖಕಿಯೇ ಹೇಳಿಕೊಂಡಿರುವರು. ಗ್ರಂಥವು ೨೦೦೫ರಲ್ಲಿ ಪ್ರಕಟವಾಯಿತು. ಇದರ ಮುಂದಿನ ಭಾಗಗಳಾದ ‘ನ್ಯೂ ಮೂನ್’, ‘ಎಕ್ಲಿಪ್ಸ್’, ‘ಬ್ರೇಕಿಂಗ್ ಡಾನ್’ ಎಂಬುವು ಕ್ರಮವಾಗಿ ೨೦೦೬, ೨೦೦೭, ೨೦೦೮ರಲ್ಲಿ ಹೊರಬಂದುವು. ಈ ಮಾಲೆಯ ಹತ್ತು ಕೋಟಿಗೂ ಮಿಕ್ಕ ಪ್ರತಿಗಳು ಮಾರಾಟವಾಗಿವೆ.

೨

ಕಥಾನಾಯಕನು ‘ವ್ಯಾಂಪೈರ್’ ಎಂಬ ಜಾತಿಗೆ ಸೇರಿದವನು. ಈ ಶಬ್ದಕ್ಕೆ ನಮ್ಮ ‘ಬೇತಾಳ’ ಶಬ್ದವನ್ನು ಪರ್ಯಾಯವಾಗಿ ಹೇಳುವ ವಾಡಿಕೆಯುಂಟು. ಬರ್ಟನ್ ಎಂಬ ಆಂಗ್ಲ ಪಂಡಿತನು ೧೮೭೦ರಲ್ಲಿ ಬೇತಾಳಕಥೆಗಳನ್ನು ಇಂಗ್ಲಿಷಿನಲ್ಲಿ ಬರೆದಾಗ ಬೇತಾಳನನ್ನು ವ್ಯಾಂಪೈರನೆಂದೇ ಕರೆದನು. ಇದು ಸಮಂಜಸವಲ್ಲ. ನಮ್ಮ ಬೇತಾಳನು ಶವವನ್ನು ಹೊಕ್ಕು ನುಡಿಯುವ ಭೂತವಿಶೇಷ. ವಿಕ್ರಮನ ಹೆಗಲೇರಿ ಕಥೆ ಹೇಳಿ ಧರ್ಮಸೂಕ್ಷ್ಮವನ್ನು ಕೇಳುವವನು. ವ್ಯಾಂಪೈರನಾದರೋ ತಾನೇ ಸತ್ತು, ಸತ್ತ ಮೇಲೂ ಅಳಿಯದ ದೇಹದಿಂದ ಉಳಿದು, ಬದುಕಿರುವವರ ರಕ್ತವನ್ನು ಹೀರಿ ಜೀವಿಸುವವನು. ಇಂಗ್ಲಿಷ್ ಕಥಾಸಾಹಿತ್ಯದಲ್ಲಿ ೧೮೧೯ರ ಪಾಲಿಡೋರಿಯ ಕಥೆ, ೧೮೭೨ರ ಲೆ ಫ್ಯಾನುವಿನ ‘ಕಾರ್ಮಿಲಾ’, ೧೮೯೭ರ ಬ್ರಾಮ್ ಸ್ಟೋಕರನ ‘ಡ್ರ್ಯಾಕುಲಾ’ ಇವು ಈ ಜಾತಿಯ ಪ್ರಸಿದ್ಧ ಕೃತಿಗಳು. ಇವುಗಳಲ್ಲಿ ಭಯಾನಕವೇ ಅಂಗಿರಸ. ಶೃಂಗಾರದ ನೆರಳು ಅಲ್ಲಲ್ಲಿ ಸುಳಿದರೂ ಅದು ಭಯಕ್ಕೆ ಪೋಷಕವಾಗಿ ನಿಲ್ಲುವುದು. ಮೆಯರ್ ಅವರು ಈ ಸಂಬಂಧವನ್ನು ತಲೆಕೆಳಗು ಮಾಡಿರುವರು. ಇಲ್ಲಿ ಶೃಂಗಾರವೇ ಅಂಗಿ, ಭಯವು ಅಂಗ.

ಕಥೆಯ ಸಾರವಿಷ್ಟು. ಹದಿನೇಳು ವಯಸ್ಸಿನ ಬೆಲ್ಲಾ ಎಂಬ ಕನ್ಯೆಯು ಬಿಸಿಲಿನ ಫೀನಿಕ್ಸ್ ಪಟ್ಟಣವನ್ನು ಬಿಟ್ಟು, ವಾಷಿಂಗ್ಟನ್ ಸಂಸ್ಥಾನದಲ್ಲಿ ಸದಾ ಮಳೆ ಹಿಡಿದಿರುವ ಫೋರ್ಕ್ಸ್ ಎಂಬ ಸಣ್ಣ ಊರಿಗೆ ತಂದೆಯ ಬಳಿಗೆ ಬರುವಳು. ಅಲ್ಲಿಯ ಪಾಠಶಾಲೆಯಲ್ಲಿ ಎಡ್ವರ್ಡ್ ಕಲೆನ್ ಎಂಬ ತರುಣನನ್ನು ಕಾಣುವಳು. ಇವನು ೧೯೧೮ರ ಇನ್‌ಫ್ಲುಯೆಂಜಾ ಮಾರಿಯಲ್ಲಿ ಸಾಯುತ್ತಿದ್ದಾಗ ರಕ್ತಪಾಯಿಯಾಗಿ ಮಾರ್ಪಟ್ಟವನು. ಅಂದಿನಿಂದ ಅವನಿಗೆ ವಯಸ್ಸೇರಲಿಲ್ಲ. ಇವನ ಕುಟುಂಬದವರು ಮನುಷ್ಯರಕ್ತವನ್ನು ತ್ಯಜಿಸಿ ಮೃಗರಕ್ತದಿಂದ ಜೀವಿಸುವ ವ್ರತವನ್ನು ಹಿಡಿದಿರುವರು. ಆದರೆ ಬೆಲ್ಲಾಳ ರಕ್ತದ ಗಂಧವು ಬೇರೆ ಯಾರದಕ್ಕಿಂತಲೂ ಹೆಚ್ಚಾಗಿ ಇವನನ್ನು ಸೆಳೆಯುವುದು. ಪ್ರೀತಿಸಿದವಳೇ ಆಹಾರ, ಆಹಾರವಾಗಬಲ್ಲವಳೇ ಪ್ರಿಯೆ. ಇದೇ ಕಥೆಯ ಗಂಟು.

೩

ವಾಚಕರ ಅಭಿಪ್ರಾಯಗಳನ್ನು ನಾಲ್ಕು ಪಕ್ಷಗಳಾಗಿ ವಿಂಗಡಿಸಬಹುದು.

ಮೊದಲನೆಯವರು ಅನುರಾಗಿಗಳು. ಇವರಲ್ಲಿ ಎಳೆಯ ಹೆಣ್ಣುಮಕ್ಕಳೇ ಬಹುಮಂದಿ. ಅವರ ತಾಯಂದಿರೂ ಕಡಿಮೆಯಿಲ್ಲ. ರಾತ್ರಿಯೆಲ್ಲ ಎದ್ದಿದ್ದು ಓದಿ ಮುಗಿಸಿದೆವೆಂಬುದು ಇವರ ಸಾಮಾನ್ಯವಾದ ಮಾತು. ಮುಂದಿನ ಭಾಗಗಳಲ್ಲಿ ಜೇಕಬನೆಂಬ ಎರಡನೆಯ ಪ್ರಣಯಿಯು ಬಲಗೊಂಡ ಮೇಲೆ ಇವರಲ್ಲಿಯೇ ಎಡ್ವರ್ಡನ ಕಡೆಯವರು, ಜೇಕಬನ ಕಡೆಯವರು ಎಂದು ಎರಡು ಬಣಗಳೆದ್ದುವು. ಎರಡನೆಯವರು ಭಯಾನಕದ ರಸಿಕರು. ಬಿಸಿಲಿನಲ್ಲಿ ಬೂದಿಯಾಗಬೇಕಾದ ವ್ಯಾಂಪೈರನು ಇಲ್ಲಿ ವಜ್ರದಂತೆ ಮಿನುಗುವುದನ್ನು ಕಂಡು ಇವರು ಹಾಸ್ಯ ಮಾಡುವರು. ಮೂರನೆಯವರು ಶೈಲಿಯನ್ನು ದೂಷಿಸುವವರು. ಭಯಾನಕಕಥೆಗಳಿಗೆ ಪ್ರಸಿದ್ಧರಾದ ಸ್ಟೀಫನ್ ಕಿಂಗ್ ಅವರು ೨೦೦೯ರಲ್ಲಿ, ಮೆಯರ್ ಅವರಿಗೆ ಚೆನ್ನಾಗಿ ಬರೆಯಲು ಬಾರದೆಂದು ಬಹಿರಂಗವಾಗಿಯೇ ಹೇಳಿದರು. ಆದರೆ ಆ ಪ್ರಸಂಗದಲ್ಲಿಯೇ ಈ ಕಥೆಗಳು ಒಂದು ತಲೆಮಾರಿನ ಹುಡುಗಿಯರಿಗೆ ಪ್ರಣಯವನ್ನು ನಿರ್ಭಯವಾದ ರೂಪದಲ್ಲಿ ತೋರಿಸುತ್ತವೆಂದೂ ಒಪ್ಪಿಕೊಂಡರು. ನಾಲ್ಕನೆಯವರು ನಾಯಕನ ನಡತೆಯನ್ನೇ ಆಕ್ಷೇಪಿಸುವವರು. ಕನ್ಯೆಯು ಅರಿಯದಂತೆ ಇರುಳಿನಲ್ಲಿ ಅವಳ ಕೋಣೆಯನ್ನು ಹೊಕ್ಕು ಅವಳು ನಿದ್ರಿಸುವುದನ್ನು ನೋಡುತ್ತ ಕೂರುವುದು, ಮೂರನೆಯ ಭಾಗದಲ್ಲಿ ಅವಳು ಜೇಕಬನಲ್ಲಿಗೆ ಹೋಗದಂತೆ ಅವಳ ವಾಹನದ ಯಂತ್ರಭಾಗವನ್ನು ತೆಗೆದಿಡುವುದು, ಇವು ಪ್ರೇಮದ ಲಕ್ಷಣಗಳೋ ಬಂಧನದ ಲಕ್ಷಣಗಳೋ ಎಂದು ಇವರು ಕೇಳುವರು.

ಈ ನಾಲ್ವರ ಹೊರಗೆ, ಗ್ರಂಥವನ್ನು ಪುಸ್ತಕಾಲಯಗಳಿಂದ ತೆಗೆಯಬೇಕೆಂದವರೂ ಇದ್ದರು. ಅಮೆರಿಕದ ಗ್ರಂಥಾಲಯ ಸಂಘವು ಇಂಥ ಬೇಡಿಕೆಗೆ ಹೆಚ್ಚಾಗಿ ಗುರಿಯಾದ ಹತ್ತು ಗ್ರಂಥಗಳನ್ನು ವರ್ಷವರ್ಷವೂ ಪ್ರಕಟಿಸುವುದು. ೨೦೦೯ರಲ್ಲಿ ಈ ಮಾಲೆಯು ಐದನೆಯದಾಗಿಯೂ ೨೦೧೦ರಲ್ಲಿ ಹತ್ತನೆಯದಾಗಿಯೂ ಅದರಲ್ಲಿ ಕಾಣಿಸಿಕೊಂಡಿತು. ಮೊದಲನೆಯ ಭಾಗದಲ್ಲಿ ಪ್ರಣಯವು ಚುಂಬನವನ್ನು ಮೀರದಿರುವುದರಿಂದಲೂ, ವಿವಾಹಕ್ಕೆ ಮುಂಚೆ ಸಮಾಗಮ ಕೂಡದೆಂದು ನಾಯಕನೇ ಹಟ ಹಿಡಿಯುವುದರಿಂದಲೂ, ಅಶ್ಲೀಲವೆಂಬ ಆಕ್ಷೇಪವು ಆ ಭಾಗಕ್ಕಂತೂ ಅನ್ವಯಿಸದು.

೪

ಈಗ ಎರಡನೆಯ ಪಕ್ಷವನ್ನು ಮೊದಲು ವಿಚಾರಿಸಬಹುದು. ಇವರ ಅಸಮಾಧಾನದ ಮೂಲವು ಮಿನುಗುವ ಚರ್ಮದಲ್ಲಿಲ್ಲ, ರಸವಿರೋಧದಲ್ಲಿದೆ. ಶೃಂಗಾರಕ್ಕೂ ಭಯಾನಕಕ್ಕೂ ವಿರೋಧವುಂಟೆಂದು ವಿಶ್ವನಾಥನೇ ಮೊದಲಾದವರು ಎಣಿಸಿರುವರು. ಯಾರನ್ನು ಕಂಡು ಮೈ ನಡುಗುವುದೋ ಅವರನ್ನೇ ಕಂಡು ಮನಸ್ಸು ಅರಳುವುದು ದುರ್ಘಟ. ಈ ಕಾದಂಬರಿಯಲ್ಲಿ ರತಿಗೂ ಭಯಕ್ಕೂ ಆಲಂಬನವು ಎಡ್ವರ್ಡನೊಬ್ಬನೇ. ಎರಡಕ್ಕೂ ಆಶ್ರಯವು ಬೆಲ್ಲಾ ಒಬ್ಬಳೇ. ವಿರೋಧವು ಇದಕ್ಕಿಂತ ತೀವ್ರವಾಗಲಾರದು.

ವಿರೋಧಿರಸಗಳನ್ನು ಒಂದೆಡೆ ಸೇರಿಸಬೇಕಾದಾಗ, ಒಂದನ್ನು ಅಂಗವಾಗಿಸಬೇಕು, ಇಲ್ಲವೆ ಅವುಗಳ ನೆಲೆಯನ್ನು ಬೇರ್ಪಡಿಸಬೇಕು, ಇಲ್ಲವೆ ನಡುವೆ ಮತ್ತೊಂದು ರಸವನ್ನು ತರಬೇಕು ಎಂಬುದು ಆನಂದವರ್ಧನನು ತೋರಿದ ದಾರಿ. ಮೆಯರ್ ಅವರು ಈ ಶಾಸ್ತ್ರವನ್ನು ಓದಿದವರಲ್ಲ. ಆದರೂ ಅವರ ಕಥೆಯು ಈ ಮೂರು ದಾರಿಗಳನ್ನೂ ಹಿಡಿದಿರುವುದು ಗಮನಾರ್ಹ. ಬೆಲ್ಲಾಳಿಗೆ ಸಾವಿನ ಭಯಕ್ಕಿಂತ ಪ್ರಿಯನನ್ನು ಕಳೆದುಕೊಳ್ಳುವ ಭಯವೇ ಹಿರಿದು. ಆದುದರಿಂದ ಭಯವು ಸ್ಥಾಯಿಯಾಗಿ ನಿಲ್ಲದೆ, ಶಂಕಾತ್ರಾಸಗಳೆಂಬ ಸಂಚಾರಿಗಳಾಗಿ ರತಿಯನ್ನೇ ಪೋಷಿಸುವುದು. ಕಾಡಿನ ನಡುವಣ ಬಯಲಿನಲ್ಲಿ ಅವನ ಮೈ ಬಿಸಿಲಿಗೆ ಹೊಳೆಯುವ ಪ್ರಸಂಗವು ಅದ್ಭುತರಸವನ್ನು ನಡುವೆ ತಂದು ನಿಲ್ಲಿಸುವುದು. ನಗೆಗೀಡಾದ ಆ ಮಿನುಗು ಕಥೆಯ ಕೀಲಾಗಿದೆ. ಕೊನೆಗೆ ಜೇಮ್ಸ್ ಎಂಬ ಮತ್ತೊಬ್ಬ ರಕ್ತಪಾಯಿಯು ಬಂದು ಬೆಲ್ಲಾಳನ್ನು ಬೇಟೆಯಾಡುವಾಗ ಭಯಾನಕವು ಆಲಂಬನಾಂತರವನ್ನು ಪಡೆದು, ಎಡ್ವರ್ಡನು ಶೃಂಗಾರಕ್ಕೆ ಮಾತ್ರ ಉಳಿಯುವನು.

ಇದೇ ಉಪಾಯವು ಮಹಾಭಾರತದ ಆದಿಪರ್ವದ ಹಿಡಿಂಬೆಯ ಕಥೆಯಲ್ಲಿಯೂ ಇದೆ. ಪಂಪ ಕುಮಾರವ್ಯಾಸರ ಮೂಲಕ ಕನ್ನಡಿಗರಿಗೆ ಚೆನ್ನಾಗಿ ಪರಿಚಿತವಾದ ಆ ಪ್ರಸಂಗದಲ್ಲಿ, ಮಲಗಿದ್ದ ಪಾಂಡವರನ್ನು ಆಹಾರಕ್ಕಾಗಿ ಕೊಂದು ತರಲು ಅಣ್ಣನಿಂದ ನಿಯುಕ್ತಳಾದ ರಾಕ್ಷಸಿಯು ಭೀಮನನ್ನು ಕಂಡು ಮೋಹಗೊಳ್ಳುವಳು. ಹಸಿವು ಅಣ್ಣನಲ್ಲಿ ಉಳಿಯಿತು, ರತಿಯು ತಂಗಿಯಲ್ಲಿ ಮೂಡಿತು. ಅಣ್ಣನನ್ನು ಭೀಮನು ಕೊಂದೊಡನೆ ಭಯದ ನೆಲೆಯೇ ಇಲ್ಲವಾಯಿತು. ಅವರ ಮಗ ಘಟೋತ್ಕಚನು ಹುಟ್ಟಿದೊಡನೆಯೇ ಬೆಳೆದಂತೆ, ‘ಬ್ರೇಕಿಂಗ್ ಡಾನ್’ ಭಾಗದಲ್ಲಿ ಹುಟ್ಟುವ ಶಿಶುವೂ ಲೋಕದ ಮಕ್ಕಳಂತಲ್ಲದೆ ಬೇಗಬೇಗನೆ ಬೆಳೆಯುವುದು. ಒಂದರಿಂದ ಮತ್ತೊಂದು ಹುಟ್ಟಿತೆಂದು ಇದರ ಅರ್ಥವಲ್ಲ. ಒಂದೇ ತೊಡಕನ್ನು ಬಿಡಿಸಹೊರಟ ಕಥೆಗಾರರಿಗೆ ಒಂದೇ ದಾರಿ ಹೊಳೆಯಿತೆಂದಷ್ಟೇ. ಆದರೆ ವ್ಯತ್ಯಾಸವೊಂದುಂಟು. ಭೀಮನು ಬಲದಲ್ಲಿ ಹಿಡಿಂಬೆಗೆ ಕಡಿಮೆಯಲ್ಲ. ಮದುವೆಗೆ ಕುಂತಿಯ ಸಮ್ಮತಿಯೂ ಕಾಲದ ಕಟ್ಟಳೆಯೂ ಇದ್ದುವು. ಬೆಲ್ಲಾಳಿಗೆ ಅಂಥ ಬಲವೂ ಇಲ್ಲ, ಅಂಥ ಕಟ್ಟಳೆಯೂ ಇಲ್ಲ. ನಾಲ್ಕನೆಯ ಪಕ್ಷದವರ ಆಕ್ಷೇಪವು ಏಳುವುದು ಇಲ್ಲಿಂದಲೇ.

೫

ಆ ಆಕ್ಷೇಪಕ್ಕೆ ಲೇಖಕಿಯೇ ಎರಡು ಸಲ ಸಮಾಧಾನ ಹೇಳಿರುವರು, ಅದೂ ಕಥಾರೂಪವಾಗಿ. ೨೦೧೫ರಲ್ಲಿ ಪ್ರಕಟವಾದ ‘ಲೈಫ್ ಅಂಡ್ ಡೆತ್’ ಎಂಬ ಗ್ರಂಥದಲ್ಲಿ ನಾಯಕನನ್ನು ಹೆಣ್ಣಾಗಿಯೂ ನಾಯಿಕೆಯನ್ನು ಗಂಡಾಗಿಯೂ ಮಾರ್ಪಡಿಸಿದರು. ಬೆಲ್ಲಾಳು ಕಷ್ಟಕ್ಕೆ ಸಿಕ್ಕುವುದು ಹೆಣ್ಣೆಂಬ ಕಾರಣದಿಂದಲ್ಲ, ಅಮಾನುಷರ ನಡುವಣ ಮನುಷ್ಯಳೆಂಬ ಕಾರಣದಿಂದ ಎಂಬುದು ಅದರ ಪೀಠಿಕೆಯ ತಾತ್ಪರ್ಯ. ಈ ಯುಕ್ತಿಯು ಅಬಲೆಯೆಂಬ ದೂಷಣೆಗೆ ಉತ್ತರವಾದೀತು. ಆದರೆ ನಿದ್ರಿಸುವವರನ್ನು ಅವರರಿಯದೆ ಕಾದುನೋಡುವುದು ಗಂಡಿಗೆ ಅನುಚಿತವಾದರೆ ಹೆಣ್ಣಿಗೂ ಅನುಚಿತವೇ. ಪಾತ್ರಗಳ ಲಿಂಗವನ್ನು ಬದಲಿಸಿದ ಮಾತ್ರಕ್ಕೆ ಕ್ರಿಯೆಯ ಅನೌಚಿತ್ಯವು ಬದಲಾಗದು.

೨೦೨೦ರ ‘ಮಿಡ್‌ನೈಟ್ ಸನ್’ ಎಂಬ ಗ್ರಂಥವು ಇದಕ್ಕಿಂತ ಬೆಲೆಯುಳ್ಳ ಸಮಾಧಾನ. ಇದರಲ್ಲಿ ಅದೇ ಕಥೆಯನ್ನು ಎಡ್ವರ್ಡನೇ ಹೇಳುವನು. ಬೆಲ್ಲಾಳು ಹೇಳಿದಾಗ ಬರಿಯ ಮುಖಗಂಟಾಗಿ ಕಂಡ ಮೊದಲ ಭೇಟಿಯು ಇಲ್ಲಿ ಬೇರೆಯೇ ಆಗಿದೆ. ಒಬ್ಬಳ ರಕ್ತಕ್ಕಾಗಿ ತರಗತಿಯಲ್ಲಿದ್ದ ಎಲ್ಲರನ್ನೂ ಕೊಲ್ಲುವ ಬಗೆಯನ್ನು ಅವನು ಮನಸ್ಸಿನಲ್ಲಿ ಎಣಿಸುತ್ತಿರುವನು. ಕಥೆ ಒಂದೇ ಆದರೂ ಆಶ್ರಯವು ಬದಲಾದೊಡನೆ ಭಯಾನಕವು ಮರಳಿ ಬಂದಿತು. ಇರುಳಿನ ಕಾವಲಿಗಾಗಿ ಅವನು ತನ್ನನ್ನೇ ಹಳಿದುಕೊಳ್ಳುವುದೂ ಇಲ್ಲಿ ಕಾಣುವುದು. ಎಂದರೆ ನಾಲ್ಕನೆಯ ಪಕ್ಷದವರು ಕಂಡ ದೋಷವನ್ನು ಪಾತ್ರವೇ ಒಪ್ಪಿಕೊಂಡಂತಾಯಿತು.

ಹಾಗಾದರೆ ಇಲ್ಲಿಯ ಶೃಂಗಾರವು ಆಭಾಸವೆ? ಅನೌಚಿತ್ಯದಿಂದ ಪ್ರವೃತ್ತವಾದುದೇ ರಸಾಭಾಸವೆಂಬ ಲಕ್ಷಣವನ್ನು ಇಡಿಯಾಗಿ ಅನ್ವಯಿಸುವುದು ಕಷ್ಟ. ಏಕೆಂದರೆ ರತಿಯು ಉಭಯನಿಷ್ಠವಾಗಿದೆ, ಒಬ್ಬರಲ್ಲಿ ಮಾತ್ರ ನೆಲಸಿದುದಲ್ಲ. ಸ್ಥಾಯಿಯು ಶುದ್ಧವಾಗಿದ್ದು ಅನುಭಾವಗಳಲ್ಲಿ ಕೆಲವು ಅನುಚಿತವಾಗಿವೆಯೆಂದು ಹೇಳುವುದು ಹೆಚ್ಚು ಸರಿಯಾದೀತು. ಆದರೂ ರಸಾಭಾಸವನ್ನು ಕುರಿತು ಅಭಿನವಗುಪ್ತನು ಹೇಳಿದ ಒಂದು ಸೂಕ್ಷ್ಮವು ಇಲ್ಲಿ ಬಹಳ ಉಪಕಾರಕ. ಸೀತೆಯಲ್ಲಿ ರಾವಣನಿಗಿದ್ದ ರತಿಯ ಪ್ರಸಂಗದಲ್ಲಿ, ತನ್ಮಯರಾಗಿರುವ ಹೊತ್ತಿನಲ್ಲಿ ಸಾಮಾಜಿಕರಿಗೆ ಅದು ಶೃಂಗಾರವಾಗಿಯೇ ತೋರುವುದೆಂದೂ, ಆಭಾಸವೆಂಬ ಅರಿವು ಆಮೇಲೆ ಬರತಕ್ಕುದೆಂದೂ ಅವನ ಅಭಿಪ್ರಾಯ. ಈ ಮಾತಿನಿಂದ ವಾಚಕರ ವಿವಾದವು ತಿಳಿಯಾಗುವುದು. ಹದಿನಾಲ್ಕರ ಹರೆಯದಲ್ಲಿ ಇದನ್ನು ಓದಿ ಮೈಮರೆತವರೇ ಮೂವತ್ತರಲ್ಲಿ ಮತ್ತೆ ಓದಿ ನಾಯಕನ ನಡತೆಗೆ ಹುಬ್ಬು ಗಂಟಿಕ್ಕುವುದುಂಟು. ಅವರ ಮೊದಲ ಮೆಚ್ಚಿಕೆ ಸುಳ್ಳಲ್ಲ; ಎರಡನೆಯ ವಿವೇಕವೂ ಸುಳ್ಳಲ್ಲ. ಒಂದು ಆಸ್ವಾದಕಾಲದ ಜ್ಞಾನ, ಇನ್ನೊಂದು ವಿಮರ್ಶಕಾಲದ ಜ್ಞಾನ. ಎರಡು ಪಕ್ಷಗಳಂತೆ ತೋರುವವು ಬಹುಮಟ್ಟಿಗೆ ಒಂದೇ ಕನ್ನಡಿಯ ಎರಡು ಕಾಲಗಳು.

೬

ಮೂರನೆಯ ಪಕ್ಷದವರ ಮಾತನ್ನು ಅಲ್ಲಗಳೆಯಲಾಗದು. ನಾಯಕನ ಮುಖಸೌಂದರ್ಯವನ್ನೂ ಮೈಯ ತಂಪನ್ನೂ ಕಣ್ಣಿನ ಬಣ್ಣವನ್ನೂ ಪುಟಪುಟಕ್ಕೂ ಹೇಳಿದುದರಿಂದ ಬೇಸರ ಹುಟ್ಟುವುದು ಸಹಜ. ಪರಿಪೋಷವನ್ನು ಪಡೆದ ರಸವನ್ನು ಮತ್ತೆ ಮತ್ತೆ ಕೆದಕಿದರೆ ಅದು ಕೈ ತಾಗಿ ತಾಗಿ ಬಾಡಿದ ಹೂವಿನಂತಾಗುವುದೆಂದು ಆನಂದವರ್ಧನನು ಎಚ್ಚರಿಸಿರುವನು. ಆದರೂ ಹೇಳುವವಳು ಮೊದಲ ಪ್ರೇಮದಲ್ಲಿ ಮುಳುಗಿದ ಹದಿನೇಳರ ಹುಡುಗಿಯೆಂಬುದನ್ನು ನೆನೆದರೆ, ವಕ್ತೃವಿನ ಔಚಿತ್ಯದಿಂದ ಈ ದೋಷವು ಸ್ವಲ್ಪಮಟ್ಟಿಗೆ ಶಮನವಾಗುವುದು, ಪೂರ್ತಿಯಾಗಿ ಪರಿಹಾರವಾಗದು.

ಇದಕ್ಕಿಂತ ಗುರುತರವಾದ ದೋಷವೊಂದನ್ನು ವಾಚಕರಲ್ಲಿ ಹಲವರು ತಡವಾಗಿ ಕಂಡರು. ಜೇಕಬನ ಕುಲವೆಂದು ಹೇಳಿರುವ ಕ್ವಿಲಿಯೂಟರು ಕಲ್ಪಿತ ಜನರಲ್ಲ. ಫೋರ್ಕ್ಸಿನ ಬಳಿಯ ಕಡಲತೀರದ ಲಾ ಪುಶ್ ಎಂಬಲ್ಲಿ ಇಂದಿಗೂ ಬಾಳುತ್ತಿರುವ ಮೂಲನಿವಾಸಿಗಳು. ತಮ್ಮ ಪೂರ್ವಜರು ತೋಳಗಳಿಂದ ಮಾರ್ಪಟ್ಟವರೆಂಬ ಐತಿಹ್ಯವು ಅವರಲ್ಲಿ ನಿಜವಾಗಿಯೂ ಉಂಟು. ರಕ್ತಪಾಯಿಗಳೊಡನೆ ವಂಶಪಾರಂಪರ್ಯವಾದ ಹಗೆಯೆಂಬುದಾದರೋ ಲೇಖಕಿಯ ಕಲ್ಪನೆ. ಸಿಯಾಟಲ್ ನಗರದ ಬರ್ಕ್ ವಸ್ತುಸಂಗ್ರಹಾಲಯವು ಆ ಜನರೊಡನೆ ಸೇರಿ ಈ ಭೇದವನ್ನು ಸ್ಪಷ್ಟಪಡಿಸಬೇಕಾಯಿತು. ಪುರಾಣವನ್ನು ಮಾರ್ಪಡಿಸುವ ಅಧಿಕಾರ ಕವಿಗುಂಟು. ಆದರೆ ಬದುಕಿರುವ ಜನರ ಹೆಸರನ್ನು ಹಿಡಿದು ಅವರ ಪುರಾಣವನ್ನು ಮಾರ್ಪಡಿಸಿದಾಗ, ಓದಿದವರು ಕಲ್ಪನೆಯನ್ನೇ ಐತಿಹ್ಯವೆಂದು ಭ್ರಮಿಸುವರು. ಈ ಭ್ರಮೆಯಿಂದಾಗುವ ನಷ್ಟವು ಆ ಜನರ ಪಾಲಿಗೆ ಬೀಳುವುದು.

೭

ಒಟ್ಟಿನಲ್ಲಿ ಈ ಗ್ರಂಥವು ಮಹಾಕೃತಿಯಲ್ಲ. ಆದರೆ ತಿರಸ್ಕಾರ್ಯವೂ ಅಲ್ಲ. ಅಯೋಗಶೃಂಗಾರದ ತುಡಿತವನ್ನು ಕೊನೆಯವರೆಗೂ ಹಿಡಿದು ನಿಲ್ಲಿಸಿದುದೂ, ಅಯೋಗಕ್ಕೆ ಕಾರಣವನ್ನು ಗುರುಹಿರಿಯರಲ್ಲಿಯೋ ದೈವದಲ್ಲಿಯೋ ಇರಿಸದೆ ನಾಯಕನ ಹಸಿವಿನಲ್ಲಿಯೇ ಇರಿಸಿದುದೂ ಇದರ ನಿಜವಾದ ಗುಣ. ಅದನ್ನು ಮೊದಲು ಕಂಡವರು ವಿಮರ್ಶಕರಲ್ಲ, ಎಳೆಯ ಓದುಗರು. ದೋಷಗಳನ್ನು ಎಣಿಸಿದವರು ಹೇಳಿದುದೂ ನಿಜವೇ. ಆದರೆ ದೋಷವನ್ನು ಕಂಡವನು ಗುಣವನ್ನೂ ಕಂಡಿರುವನೆಂಬ ನಿಯಮವಿಲ್ಲ.

ಅಧ್ಯಾಪಕನಾದವನು ಇಂಥ ಗ್ರಂಥವನ್ನು ಶಿಷ್ಯರ ಕೈಯಲ್ಲಿ ಕಂಡಾಗ ಕಿತ್ತುಕೊಳ್ಳುವುದರಿಂದ ಫಲವಿಲ್ಲ. ಹೊಗಳಿ ಸುಮ್ಮನಾಗುವುದೂ ಯುಕ್ತವಲ್ಲ. ಮೊದಲು ಅವರ ಆಸ್ವಾದವನ್ನು ದಿಟವೆಂದು ಒಪ್ಪಬೇಕು. ಆಮೇಲೆ ನಾಯಕನ ಯಾವ ನಡೆಯಲ್ಲಿ ಪ್ರೀತಿಯಿದೆ, ಯಾವ ನಡೆಯಲ್ಲಿ ಹಿಡಿತವಿದೆ ಎಂದು ಅವರಿಂದಲೇ ವಿಂಗಡಿಸಿಸಬೇಕು. ಮನಸ್ಸೆಂಬ ಕನ್ನಡಿಯು ನಿರ್ಮಲವಾಗುವುದು ಅಭ್ಯಾಸದಿಂದಲೆಂದು ಹಿಂದಿನವರು ಹೇಳಿದರಷ್ಟೆ. ಆ ಅಭ್ಯಾಸವನ್ನು ಹಿರಿಯ ಕಾವ್ಯಗಳಿಂದಲೇ ಆರಂಭಿಸಬೇಕೆಂದು ಅವರಾರೂ ವಿಧಿಸಲಿಲ್ಲ.